ನನ್ನ ಸಿಂಬೆ ಇನ್ನೂ ವಾಪಸ್ ಬಂದಿಲ್ಲ

ನಮ್ಮ ಊರಿನವರು ಬಹಳ ಪ್ರಾಮಾಣಿಕರು ಎಂದು ಸುತ್ತಲಿನ ಊರುಗಳಲ್ಲೆಲ್ಲ ಹೆಸರು. ಸುಳ್ಳು. ನಮಗೆ ಬೆನ್ನುನೋವಿನ ಭಯ, ಅಷ್ಟೇ. ಇಲ್ಲಿ ಇನ್ನೊಬ್ಬರ ವಸ್ತುವನ್ನು ಇಟ್ಟುಕೊಂಡರೆ ಅದು ದಿನದಿಂದ ದಿನಕ್ಕೆ ಭಾರವಾಗುತ್ತದೆ. ಪಕ್ಕದ ಮನೆಯಿಂದ ತಂದ ಕೊಡೆಯನ್ನು ಸಂಜೆಯೊಳಗೆ ಕೊಟ್ಟರೆ ಸರಿ. ಮರೆತರೆ ಮುಂದಿನ ವಾರ ಅದನ್ನೆತ್ತಲು ಇಬ್ಬರು ಬೇಕು, ತಿಂಗಳು ಕಳೆದರೆ ಹಮಾಲಿಗಳು ಬೇಕು. ಆ ಹಮಾಲಿಗಳಲ್ಲಿ ನಾನೂ ಒಬ್ಬ. ಹೆಸರು ಚೌಡ. ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತೇನೆ. ನಡುನಡುವೆ ಯಾರಾದರೂ ಓಡಿಬಂದು, ‘ಲೇ ಚೌಡ, ಬೀಗರ ಚೆಂಬು ಮನೇಲೇ ಉಳ್ಕೊಂಬಿಟ್ಟೈತೆ, ಬಾರೋ’ ಎಂದು ಕರೆದರೆ ನಾಲ್ಕು ಜನ ಹಗ್ಗ ಹಿಡಿದು ಹೋಗುತ್ತೇವೆ.

ಹೀಗೆ ಭಾರವಾದದ್ದು ಹಿಂದಿರುಗಿಸದೆಯೇ ಹಗುರಾಗಲು ಎರಡೇ ದಾರಿ. ಒಂದೋ ಅದರ ಯಜಮಾನ ಸಾಯಬೇಕು. ಇಲ್ಲವೇ ಅವನು ‘ಹೋಗಲಿ, ಅವರೇ ಇಟ್ಟುಕೊಳ್ಳಲಿ’ ಎಂದು ಬಿಡಬೇಕು. ಬಾಯಲ್ಲಿ ಅಂದರೆ ಆಗುವುದಿಲ್ಲ, ಒಳಗಿನಿಂದ ಬಿಡಬೇಕು. ಎರಡರಲ್ಲಿ ಯಾವುದಾದರೂ ಆದ ಗಳಿಗೆಯಲ್ಲೇ ವಸ್ತು ತನ್ನ ಮೊದಲಿನ ತೂಕಕ್ಕೆ ಬರುತ್ತದೆ, ನಿಮ್ಮದಾಗುತ್ತದೆ. ಆಗ ಬೀದಿಗೆಲ್ಲ ಬೆಲ್ಲ ಹಂಚಬೇಕು. ಹಗುರದ ಬೆಲ್ಲ ಎನ್ನುತ್ತೇವೆ. ಯಜಮಾನ ಸತ್ತನೋ, ಬಿಟ್ಟನೋ ಎಂದು ಬೆಲ್ಲ ತಿನ್ನುವವರು ಕೇಳುವುದಿಲ್ಲ. ಕೇಳುವುದು ಸಭ್ಯತೆಯಲ್ಲವಂತೆ.

ನನಗೆ ಸಭ್ಯತೆ ಕಡಿಮೆ, ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು. ಬಿಟ್ಟದ್ದೂ ಈ ತೂಕದ ದೆಸೆಯಿಂದಲೇ. ಮೇಷ್ಟ್ರು ನನ್ನ ಬುಗುರಿ ಕಿತ್ತುಕೊಂಡು ತಮ್ಮ ಮೇಜಿನ ಡ್ರಾಯರಿನಲ್ಲಿ ಹಾಕಿದರು. ನಾನು ಬೇಡಲಿಲ್ಲ, ಅಳಲೂ ಇಲ್ಲ. ಮೂರು ವಾರ ಆ ಡ್ರಾಯರನ್ನೇ ದಿಟ್ಟಿಸುತ್ತ, ಅದು ನನ್ನದು, ಅದು ನನಗೆ ಬೇಕು ಎಂದುಕೊಂಡು ಕುಳಿತೆ. ಇಪ್ಪತ್ತೆರಡನೆಯ ದಿನ ಮಗ್ಗಿ ಹೇಳಿಸುತ್ತಿದ್ದಾಗ ಡ್ರಾಯರಿನ ತಳ ಕಿತ್ತು ಬುಗುರಿ ಮೇಷ್ಟ್ರ ಪಾದದ ಮೇಲೆ ಬಿತ್ತು. ಎರಡು ಬೆರಳು ಜಜ್ಜಿಹೋದವು. ಕಿತ್ತುಕೊಂಡವರ ಮನೆಗೆ ಊರವರು ಹಣ್ಣು ತೆಗೆದುಕೊಂಡು ಹೋದರು, ಕಳೆದುಕೊಂಡವನ ಬೆನ್ನ ಮೇಲೆ ಬಾಸುಂಡೆ ಬಂತು. ಅಂದೇ ಸ್ಲೇಟು ಎಸೆದು ಎದ್ದು ಬಂದೆ. ಬುಗುರಿ ಈಗಲೂ ನನ್ನ ಬಳಿ ಇದೆ.

ಯುದ್ಧ ನಮ್ಮ ಊರಿಗೆ ಬರಲಿಲ್ಲ, ಅದಕ್ಕೆ ಇಲ್ಲಿಯ ದಾರಿ ಗೊತ್ತಿರಲಿಲ್ಲ. ಬಂದದ್ದು ಸೀಮೆಎಣ್ಣೆಯ ಅಭಾವ, ಅದರ ಹಿಂದೆ ಒಂದು ಕಾಗದ. ಯಾವುದೋ ದೂರದ ಕಮಿಟಿಯದು. ಯಹೂದಿಗಳು ಎಂಬ ಒಂದೇ ಕಾರಣಕ್ಕೆ ಅಲ್ಲಿ ಜನರನ್ನು ಮನೆಗಳಿಂದ ಎಳೆದೊಯ್ಯುತ್ತಿದ್ದಾರೆ, ತಾಯಂದಿರು ಮಕ್ಕಳಾದರೂ ಉಳಿಯಲೆಂದು ಹಡಗು ಹತ್ತಿಸಿ ಕಳಿಸುತ್ತಿದ್ದಾರೆ, ನಿಮ್ಮ ಊರಿನವರು ನಂಬಿ ಕೊಟ್ಟದ್ದನ್ನು ಜೋಪಾನವಾಗಿ ಹಿಂದಿರುಗಿಸುವವರೆಂದು ಕೇಳಿದ್ದೇವೆ, ಒಂದು ಮಗುವನ್ನು ಇಟ್ಟುಕೊಳ್ಳುವಿರಾ ಎಂದು ಅದರಲ್ಲಿ ಬರೆದಿತ್ತು. ಪುರಸಭೆಯ ಅಧ್ಯಕ್ಷ ಪುಟ್ಟಸ್ವಾಮಯ್ಯನವರು ಹೊಗಳಿಕೆಯ ಸಾಲನ್ನು ಎರಡು ಸಲ ಓದಿ, ಕೂಡಲೇ ಕಳಿಸಿಕೊಡಿ ಎಂದು ತಂತಿ ಕೊಟ್ಟರು. ಕೊಡೆ, ಚೆಂಬುಗಳ ವಿಷಯದಲ್ಲಿ ಅಷ್ಟು ಹುಷಾರಾಗಿದ್ದ ಊರಿಗೆ ಮಗುವೂ ಇನ್ನೊಬ್ಬರದೇ ಎಂಬುದು ಹೊಳೆಯಲೇ ಇಲ್ಲ.

ಬಿರುಬೇಸಿಗೆಯಲ್ಲಿ ಮೊಣಕಾಲು ಮುಚ್ಚುವ ಉಣ್ಣೆಯ ಕೋಟು ತೊಟ್ಟುಕೊಂಡು ಅವಳು ರೈಲಿಳಿದಳು. ಎಂಟು ವರ್ಷ. ಕುತ್ತಿಗೆಯಲ್ಲಿ ನಂಬರಿನ ಚೀಟಿ, ನಾವು ಗೂಡ್ಸಿಗೆ ಕಟ್ಟುತ್ತೇವಲ್ಲ, ಅಂಥದೇ. ಹೆಸರು ಇರ್ಮಾ. ಸಂಜೆಯೊಳಗೆ ಊರು ಅದನ್ನು ಈರಮ್ಮ ಮಾಡಿತು. ಪುಟ್ಟಸ್ವಾಮಯ್ಯನವರ ಸ್ವಾಗತ ಭಾಷಣ ಮುಗಿಯುವ ಹೊತ್ತಿಗೆ ಅವಳು ನಿಂತಲ್ಲೇ ನಿದ್ದೆ ಹೋಗಿದ್ದಳು. ಟ್ರಂಕನ್ನು ತಲೆಯ ಮೇಲೆ, ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಹೋದೆ. ಕಡಲೆಪುರಿ ಮೂಟೆಯಷ್ಟೂ ಭಾರವಿರಲಿಲ್ಲ. ಹೋದದ್ದೂ ಪುರಿ ಭಟ್ಟಿಗೇ. ಗಂಡ ಸತ್ತ ಮೇಲೆ ಒಬ್ಬಳೇ ಭಟ್ಟಿ ನಡೆಸುತ್ತಿದ್ದ ಸಣ್ಣತಾಯಮ್ಮ, ‘ನನ್ನ ಮನೇಲಿ ಮಲಗಲಿ ಬಿಡಿ ಸ್ವಾಮಿ, ಕೂಸು ಬೆಚ್ಚಗಾದ್ರೂ ಇರ್ತದೆ’ ಎಂದಿದ್ದಳು. ಪ್ರಪಂಚದಲ್ಲೇ ಹಗುರವಾದ ಸರಕು ಹುರಿಯುವ ಮನೆ ಅದು.

ಮೂರನೆಯ ತಿಂಗಳು ಮಂಚ ಮುರಿಯಿತು. ನಾಲ್ಕನೆಯ ತಿಂಗಳು ತಲೆಗೆ ನೀರು ಹಾಕಲೆಂದು ಅವಳನ್ನೆತ್ತಿ ಕೂರಿಸಲು ಹೋಗಿ ಸಣ್ಣತಾಯಮ್ಮ ಸೊಂಟ ಹಿಡಿಸಿಕೊಂಡಳು. ಆಮೇಲೆ ಊರಿಗೆ ಅರ್ಥವಾಯಿತು. ಆ ಹುಡುಗಿಗೆ ಮಾತ್ರ ಏನೂ ಅನ್ನಿಸುತ್ತಿರಲಿಲ್ಲ. ಎಲ್ಲ ಮಕ್ಕಳ ಹಾಗೆ ಕುಂಟೆಬಿಲ್ಲೆ ಆಡುತ್ತಿದ್ದಳು. ಅವಳು ಕುಪ್ಪಳಿಸಿದಲ್ಲಿ ಪಕ್ಕದ ಮನೆಯ ಗೋಡೆಯ ಗಾರೆ ಉದುರುತ್ತಿತ್ತು, ಅಷ್ಟೇ. ಶಾಲೆಯಲ್ಲಿ ಬೆಂಚು ತೆಗೆದು ಚಪ್ಪಡಿ ಹಾಕಿದರು. ಎತ್ತಿನ ಗಾಡಿಯವರು ಅವಳನ್ನು ಕಂಡರೆ ಗಾಡಿ ತಿರುಗಿಸುತ್ತಿದ್ದರು. ಮಹಡಿ ಹತ್ತಬಾರದೆಂದು ಪುರಸಭೆ ಠರಾವು ಮಾಡಿತು. ಟೀ ಅಂಗಡಿಯ ಮುಂದೆ ಅವಳು ಹಾದುಹೋದರೆ ಕುಳಿತವರು ಗಾಜಿನ ಲೋಟ ಬಿಗಿಯಾಗಿ ಹಿಡಿದು, ‘ಬಂತಪ್ಪಾ ಎಂಜಿನ್ನು’ ಎನ್ನುತ್ತಿದ್ದರು. ಆರು ತಿಂಗಳಲ್ಲಿ ಕನ್ನಡ ಕಲಿತಿದ್ದಳು, ಅದೂ ಭಟ್ಟಿ ಮನೆಯ ಕನ್ನಡ. ‘ನಾನು ಎಂಜಿನ್ನಾದ್ರೆ ನೀವು ಇದ್ದಿಲು ಕಣ್ರೋ, ಮುಖ ನೋಡ್ಕಳಿ’ ಎಂದು ಒಂದು ದಿನ ತಿರುಗಿಸಿ ಕೊಟ್ಟಳು. ಆವತ್ತಿನಿಂದ ನನಗೆ ಅವಳ ಮೇಲೆ ಗೌರವ ಬಂತು.

ಪುಟ್ಟಸ್ವಾಮಯ್ಯನವರು ಕಮಿಟಿಗೆ ಬರೆದರು: ಮಗು ಕ್ಷೇಮ, ದಯವಿಟ್ಟು ವಾಪಸ್ ತೆಗೆದುಕೊಳ್ಳಿ. ವಾಪಸ್ ಕಳಿಸಲು ವಿಳಾಸವೇ ಉಳಿದಿಲ್ಲ ಎಂದು ಉತ್ತರ ಬಂತು.

ಇರ್ಮಾಳಿಗೆ ಅಪ್ಪ ಮೊದಲೇ ಇರಲಿಲ್ಲ. ಅಮ್ಮ ಕೈಗವಸು ಹೊಲಿಯುವವಳು. ನಾಲ್ಕು ತಿಂಗಳಿಗೊಮ್ಮೆ ಅವಳಿಂದ ಒಂದು ಚೀಟಿ ಬರುತ್ತಿತ್ತು. ಇಪ್ಪತ್ತೈದು ಪದ ಮೀರುವಂತಿರಲಿಲ್ಲವಂತೆ. ಚೆನ್ನಾಗಿದ್ದೇನೆ, ಕೋಟು ಬಿಚ್ಚಬೇಡ, ಹಲ್ಲುಜ್ಜು, ಬರುತ್ತೇನೆ. ಎರಡನೆಯ ವರ್ಷ ಅದೂ ನಿಂತಿತು. ಊರವರು ಅವಳ ಮುಂದೆ ಯುದ್ಧದ ಮಾತು ಬಿಟ್ಟು ಹವಾಮಾನದ ಮಾತಾಡತೊಡಗಿದರು. ಒಂದು ಭಾನುವಾರ ಬೆಳಗ್ಗೆ ಅವಳು ಗೂಡ್ಸ್ ಶೆಡ್ಡಿಗೆ ಬಂದು ದೊಡ್ಡ ತಕ್ಕಡಿಯ ಮುಂದೆ ನಿಂತಳು.

‘ಚೌಡಣ್ಣ, ನನ್ನ ತೂಗು.’

‘ಯಾಕವ್ವ? ಯಾವ ಊರಿಗೆ ಬುಕ್ ಮಾಡ್ಬೇಕು ನಿನ್ನ?’

‘ತಮಾಷೆ ಬ್ಯಾಡ. ಅಮ್ಮ ಇದಾಳಾ ನೋಡ್ಬೇಕು.’

ನಮ್ಮ ಊರಿನ ಬುದ್ಧಿವಂತರೆಲ್ಲ ಅವಳ ತೂಕವನ್ನು ರಿಪೇರಿಯ ಲೆಕ್ಕದಲ್ಲಿ ನೋಡುತ್ತಿದ್ದರು. ಇವಳು ಅದನ್ನು ಕಾಗದದಂತೆ ಓದಲು ಬಂದಿದ್ದಳು. ಒಂದು ತಟ್ಟೆಯಲ್ಲಿ ಅವಳನ್ನು ನಿಲ್ಲಿಸಿ ಇನ್ನೊಂದಕ್ಕೆ ತೂಕದ ಬಟ್ಟು ಹೇರಿದೆ. ಹನ್ನೊಂದು ಮಣ. ಮುಂದಿನ ಭಾನುವಾರ ಆರು ಸೇರು ಹೆಚ್ಚು. ‘ಈ ವಾರ ಜಾಸ್ತಿ ನೆನೆಸ್ಕೊಂಡವ್ಳೆ’ ಎಂದು ಚಪ್ಪಾಳೆ ತಟ್ಟಿದಳು. ಅಲ್ಲಿಂದ ಅದೇ ಪದ್ಧತಿಯಾಯಿತು. ಬೇರೆಯವರು ಅಂಚೆಯವನನ್ನು ಕಾದರೆ ಅವಳು ಭಾನುವಾರವನ್ನು ಕಾಯುತ್ತಿದ್ದಳು. ಹೋದ ವಾರದ ಬಟ್ಟುಗಳನ್ನು ಅವಳು ಬರುವ ಮುಂಚೆಯೇ ತಟ್ಟೆಗೆ ಹೇರಿಟ್ಟಿರುತ್ತಿದ್ದೆ, ಎಷ್ಟು ಏರಿತೋ ಅಷ್ಟು ಸೇರಿಸಿದರೆ ಆಯಿತು. ಒಂದು ವಾರವೂ ಇಳಿಯಲಿಲ್ಲ. ಆ ತಾಯಿ ಎಲ್ಲಿದ್ದಳೋ, ಏನು ತಿನ್ನುತ್ತಿದ್ದಳೋ ತಿಳಿಯದು. ಆದರೆ ಹಿಡಿದದ್ದನ್ನು ಬಿಟ್ಟಿರಲಿಲ್ಲ.

ಇರ್ಮಾ ಬಂದು ಮೂರು ವರ್ಷ ತುಂಬಿದ ಮೇಲೆ, ಒಂದು ಭಾನುವಾರ ಅವಳು ಎಂದಿನಂತೆ ತಟ್ಟೆ ಹತ್ತಿದಳು. ಎದುರು ತಟ್ಟೆಯಲ್ಲಿ ಹೋದ ವಾರದ ಇಪ್ಪತ್ತಮೂರು ಮಣದ ಬಟ್ಟು ಇದ್ದವು. ಮರದ ತುಂಡು ಕೊಟ್ಟು ನಿಲ್ಲಿಸಿದ್ದ ತಕ್ಕಡಿಯನ್ನು ನಾನು ಸಡಿಲಿಸಿದ್ದೇ ತಡ, ಅವಳ ತಟ್ಟೆ ಚಿಮ್ಮಿ ಮೇಲಕ್ಕೆ ಹೋಯಿತು. ಸರಪಳಿ ಹಿಡಿದುಕೊಂಡು ನನ್ನ ತಲೆಗಿಂತ ಎತ್ತರದಲ್ಲಿ ನೇತಾಡುತ್ತ ಅವಳು ಕೆಳಗೆ ನೋಡಿದಳು. ನಾನು ಬಟ್ಟುಗಳನ್ನು ಒಂದೊಂದಾಗಿ ಇಳಿಸಿ ನೆಲಕ್ಕಿಟ್ಟೆ. ಪ್ರತಿಯೊಂದು ಇಟ್ಟಾಗಲೂ ಸದ್ದಾಗುತ್ತಿತ್ತು. ಎರಡೂವರೆ ಮಣ ಉಳಿದಾಗ ಅವಳು ಮೆಲ್ಲಗೆ ನನ್ನ ಕಣ್ಣಿನ ಮಟ್ಟಕ್ಕೆ ಇಳಿದು ನಿಂತಳು. ಹನ್ನೊಂದು ವರ್ಷದ ಯಾವ ಹುಡುಗಿಯಾದರೂ ತೂಗುವಷ್ಟು.

‘ಇನ್ನೊಂದ್ಸಲ ತೂಗು’ ಎಂದಳು. ತೂಗಿದೆ. ಮತ್ತೂ ಒಮ್ಮೆ ತೂಗಿದೆ.

ಶೆಡ್ಡಿನ ಬಾಗಿಲಲ್ಲಿ ಯಾರೋ ನೋಡಿದರು, ಅರ್ಧ ಗಂಟೆಯಲ್ಲಿ ಊರಿಗೆಲ್ಲ ಗೊತ್ತಾಯಿತು. ಸಣ್ಣತಾಯಮ್ಮ ಪುರಿ ಹುರಿಯುವ ಮರಳು ಮೆತ್ತಿದ ಕೈಯನ್ನೂ ಒರೆಸಿಕೊಳ್ಳದೆ ಓಡಿಬಂದು ಆ ಹುಡುಗಿಯನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ಮೂರು ವರ್ಷದಿಂದ ಎತ್ತಿರಲಿಲ್ಲವಲ್ಲ, ನಗುತ್ತಲೇ ಅಳುತ್ತಿದ್ದಳು. ‘ನನ್ನ ಕೂಸು, ನನ್ನ ಕೂಸು’ ಎಂದು ಬೀದಿಯುದ್ದ ಹೊತ್ತುಕೊಂಡು ನಡೆದಳು. ಇರ್ಮಾಳ ಕಾಲುಗಳು ಅವಳ ಮೊಣಕಾಲಿನವರೆಗೆ ಜೋಲಾಡುತ್ತಿದ್ದವು. ಸಂಜೆ ಪುರಸಭೆಯ ಮುಂದೆ ಶಾಮಿಯಾನ. ಒಂದಲ್ಲ, ನಾಲ್ಕು ಅಚ್ಚು ಬೆಲ್ಲ ಒಡೆದರು. ಠರಾವು ರದ್ದಾಯಿತು, ಇನ್ನು ಮಹಡಿ ಹತ್ತಬಹುದು. ಪುಟ್ಟಸ್ವಾಮಯ್ಯನವರು ತಮ್ಮ ಬೆಳ್ಳಿ ಹಿಡಿಯ ಕೈಗೋಲನ್ನು ನೆಲಕ್ಕೆ ಕುಟ್ಟಿ, ಈ ಮಗು ಇಂದಿನಿಂದ ನಮ್ಮದು ಎಂದು ಘೋಷಿಸಿದರು. ಜನ ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ಇರ್ಮಾ ಕೇಳಿದಳು: ‘ಎರಡರಲ್ಲಿ ಯಾವುದು?’

ಬೆಲ್ಲ ಚೀಪುವ ಸದ್ದು ನಿಂತಿತು. ಪುಟ್ಟಸ್ವಾಮಯ್ಯನವರು ಬಗ್ಗಿ ಅವಳ ತಲೆ ಸವರಿದರು. ‘ನಿಮ್ಮ ತಾಯಿ ಚೆನ್ನಾಗಿದ್ದಾರಮ್ಮ. ನೀನು ಇಲ್ಲಿ ಸುಖವಾಗಿದ್ದೀ ಅಂತ ತಿಳಿದು, ಸಂತೋಷದಿಂದ ನಿನ್ನನ್ನ ನಮಗೆ ಕೊಟ್ಟುಬಿಟ್ಟಿದ್ದಾರೆ.’

ಅವರ ಲೆಕ್ಕದಲ್ಲಿ ಅದು ದಯೆ. ಸಾವಿನ ಸುದ್ದಿಯನ್ನು ಮಗುವಿಗೆ ಹೇಳಬಾರದಲ್ಲ. ಹೆತ್ತವಳು ನಿನ್ನನ್ನು ಬೇಡವೆಂದು ಬಿಟ್ಟಳು ಎಂದು ಹೇಳಬಹುದು. ನಾನು ಎದ್ದು ನಿಂತು ಏನೋ ಅರಚಿದೆ. ‘ಕುಡಿದವ್ನೆ, ಕೂರಿಸ್ರೋ’ ಎಂದರು. ನಾನು ಕುಡಿಯುವುದಿಲ್ಲ.

ಮಾರನೆಯ ದಿನ ಮಧ್ಯಾಹ್ನ ಶೆಡ್ಡಿನಲ್ಲಿ ಊಟದ ಹೊತ್ತು. ಅವಳು ಬಂದು ಗೋಣಿಯ ಮೇಲೆ ಕುಳಿತಳು. ಮುಷ್ಟಿಯಲ್ಲಿ ನಿನ್ನೆಯ ಬೆಲ್ಲದ ಉಂಡೆ ಹಾಗೇ ಇತ್ತು, ಇರುವೆ ಮುತ್ತಿದ್ದವು.

‘ನೀನು ಹೇಳು. ಬಿಟ್ಟುಬಿಟ್ಟಳಾ?’

ನನಗೆ ನಯವಾಗಿ ಹೇಳಲು ಬರುವುದಿಲ್ಲ. ಬುಗುರಿಯ ಕತೆ ಹೇಳಿದೆ. ‘ಒಂದು ಮರದ ತುಂಡು ಕಣವ್ವ ಅದು. ಮೇಷ್ಟ್ರು ಹೊಡೆದ್ರು, ಊರೆಲ್ಲ ಉಗೀತು, ನಾನೇ ಬಿಡ್ಲಿಲ್ಲ. ನಿಮ್ಮಮ್ಮ ನಿನ್ನ ಬಿಡ್ತಾಳಾ?’

ಅವಳು ಬೆಲ್ಲದ ಮೇಲಿನ ಇರುವೆಗಳನ್ನು ಊದಿದಳು. ಆಮೇಲೆ, ‘ಹಂಗಾದ್ರೆ ಬಿಟ್ಟಿಲ್ಲ’ ಎಂದಳು. ನಿಟ್ಟುಸಿರು ಬಿಟ್ಟಳು. ಅದು ಸಮಾಧಾನದ ಉಸಿರು. ಅದನ್ನು ಕೇಳಿ ನನಗೆ ಈ ಪ್ರಪಂಚವನ್ನೇ ಒದೆಯಬೇಕು ಅನ್ನಿಸಿತು. ‘ನಿನ್ನೆ ಬಿಟ್ಟು ಹಿಂದಿನ ಭಾನುವಾರ ಭಾರವಾಗೇ ಇದ್ದೆ. ಅಂದ್ರೆ ಆ ಏಳು ದಿನದಲ್ಲಿ’ ಎಂದು ಬೆರಳು ಮಡಚಿದಳು. ಒಂದೊಂದೇ ದಿನ ಎಣಿಸುತ್ತ ಭಾನುವಾರಕ್ಕೆ ಬಂದಾಗಲೂ ಅವಳು ಅಳುತ್ತಿರಲಿಲ್ಲ. ಬೆರಳುಗಳು ಮುಗಿದ ಮೇಲೆ ಅತ್ತಳು. ನಾನು ನನ್ನ ಮುದ್ದೆಯನ್ನು ನೋಡುತ್ತ ಕುಳಿತೆ.

ಮರುವಾರ ಊರಲ್ಲಿ ಕಳ್ಳತನ ಶುರುವಾಯಿತು. ನಮ್ಮ ಊರಲ್ಲಿ ಕಳ್ಳತನ! ಕದ್ದವನ ಸೊಂಟವೇ ಮುರಿಯುವ ಊರಲ್ಲಿ! ಮೊದಲು ಹೋದದ್ದು ಪುಟ್ಟಸ್ವಾಮಯ್ಯನವರ ಕೈಗೋಲು. ಆಮೇಲೆ ಕ್ಷೌರಿಕನ ಕನ್ನಡಿ, ಮೇಷ್ಟ್ರ ಪೆನ್ನು, ಸಣ್ಣತಾಯಮ್ಮ ಮರಳಿನಲ್ಲಿ ಪುರಿ ತಿರುವುವ ಸಟ್ಟುಗ. ಭಾನುವಾರ ಇರ್ಮಾ ತಕ್ಕಡಿಗೆ ಬಂದಳು. ಕೋಟು ಈಗ ಗಿಡ್ಡವಾಗಿ ತೋಳು ಮೊಣಕೈಗೆ ಬಂದಿತ್ತು. ಜೇಬುಗಳು ಉಬ್ಬಿದ್ದವು, ಕೈಗೋಲು ಬೆನ್ನಿಗೆ ಕಟ್ಟಿತ್ತು. ನಾಲ್ಕು ಮಣ ತೂಗಿದಳು.

‘ಏನವ್ವ ಇದು?’

‘ಹಗುರಾಗಿ ಓಡಾಡಕ್ಕೆ ಆಗಲ್ಲ ಚೌಡಣ್ಣ. ಯಾರಿಗೂ ಬ್ಯಾಡ್ದೋಳ ಹಂಗೆ ಅನ್ಸುತ್ತೆ.’

ನಾನು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಬೆನ್ನಿಗೆ ಬೆಳ್ಳಿ ಹಿಡಿಯ ಕೋಲು ಕಟ್ಟಿಕೊಂಡು ಅವಳು ಹಾಡಹಗಲೇ ತಿರುಗುತ್ತಿದ್ದಳು. ಊರು ಕರಗಿತು. ಅದೇ ತೊಂದರೆಯಾಯಿತು. ಕ್ಷೌರಿಕ ಒಳ್ಳೆಯವನು, ‘ಪಾಪ, ತಾಯಿ ಇಲ್ಲದ್ದು, ಇಟ್ಕಳ್ಳಿ ಬಿಡು’ ಎಂದು ಕಣ್ಣೊರೆಸಿಕೊಂಡ. ಅಲ್ಲಿಗೆ ಕನ್ನಡಿ ಹಗುರಾಯಿತು, ಅವಳು ಅದನ್ನು ಚರಂಡಿಗೆ ಎಸೆದಳು. ಮೇಷ್ಟ್ರಿಗೂ ವಯಸ್ಸಾಗಿ ಮನಸ್ಸು ಮೆತ್ತಗಾಗಿತ್ತು, ಪೆನ್ನೂ ಹೋಯಿತು. ದಯಾವಂತರ ಸಾಮಾನೆಲ್ಲ ಹೀಗೆ ಬೀದಿಗೆ ಬಿತ್ತು. ಕೊನೆಗೆ ಅವಳಿಗೆ ಆಸರೆಯಾದವರು ಊರಿನ ಜಿಪುಣರು. ಪುಟ್ಟಸ್ವಾಮಯ್ಯನವರು ದಿನಾ ಬೆಳಗ್ಗೆ ಎದ್ದು ಖಾಲಿ ಮೂಲೆ ನೋಡಿ, ‘ನನ್ನ ಕೋಲು! ನಮ್ಮ ತಾತನ ಕೋಲು!’ ಎಂದು ಕುದಿಯುತ್ತಿದ್ದರು. ಎರಡು ಸಲ ಹಮಾಲಿಗಳನ್ನು ಕಳಿಸಿದರು. ಆ ಹಮಾಲಿಗಳು ನಾವೇ ಆದ್ದರಿಂದ ಎತ್ತಲಾಗಲಿಲ್ಲ ಎಂದು ಹೇಳಿ ಬಂದೆವು. ಕೋಲು ವಾರ ವಾರಕ್ಕೆ ಭಾರವಾಯಿತು. ಆ ಮನುಷ್ಯ ಜನ್ಮದಲ್ಲಿ ಆ ಹುಡುಗಿಗೆ ಮಾಡಿದ ಒಂದೇ ಉಪಕಾರ ಅದು, ಅದೂ ಗೊತ್ತಿಲ್ಲದೆ.

ಸಣ್ಣತಾಯಮ್ಮ ಮೊದಲ ದಿನವೇ, ‘ಸಟ್ಟುಗ ತಾನೇ? ನಿಂದೇ ಅಂದ್ಕೋ ಕಂದ’ ಎಂದುಬಿಟ್ಟಿದ್ದಳು. ಹಗುರಾದ ಸಟ್ಟುಗವನ್ನು ಇರ್ಮಾ ಅವಳ ಕಾಲ ಬಳಿ ಎಸೆದು, ‘ಎಲ್ರೂ ಹಿಂಗೇ ಬಿಟ್ಟುಬಿಡಿ’ ಎಂದು ಕಿರುಚಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಣ್ಣತಾಯಮ್ಮನಿಗೆ ಓದು ಬರುವುದಿಲ್ಲ, ಆದರೆ ಪುರಸಭೆಗಿಂತ ಬೇಗ ಅರ್ಥವಾಯಿತು. ಮರುದಿನ ಅದೇ ಸಟ್ಟುಗವನ್ನು ಕೈಗೆ ಸಿಗುವ ಜಾಗದಲ್ಲಿಟ್ಟು ಬೆನ್ನು ತಿರುಗಿಸಿದಳು. ಅದು ಹೋಯಿತು. ಆಮೇಲೆ ಬೇಕೆಂದೇ ಬೇರೆ ಸಟ್ಟುಗ ಕೊಳ್ಳಲಿಲ್ಲ. ಮುರುಕು ಕೋಲಿನಲ್ಲಿ ಮರಳು ತಿರುವಿ ಅಂಗೈ ಸುಟ್ಟುಕೊಳ್ಳುತ್ತಿದ್ದಳು. ಸುಟ್ಟುಕೊಂಡರೆ ತಾನೇ ನಿಜವಾಗಿಯೂ ಬೇಕು ಅನ್ನಿಸುವುದು!

‘ಎಲ್ಲೇ ನನ್ನ ಸಟ್ಟುಗ, ಕಳ್ಳ ಮುಂಡೇದೇ?’ ಎಂದು ಬೆಳಗಾದರೆ ಕೂಗು.

‘ಕೊಡಲ್ಲ ಹೋಗತ್ತೆ!’ ಎಂದು ಒಳಗಿನಿಂದ ಉತ್ತರ. ಅವಳು ಸಣ್ಣತಾಯಮ್ಮನನ್ನು ಎಂದೂ ಅವ್ವ ಎನ್ನಲಿಲ್ಲ, ಅತ್ತೆ ಎನ್ನುತ್ತಿದ್ದಳು. ಬೀದಿಯವರು ಇವರ ಜಗಳ ಕೇಳಿ, ಹೆತ್ತ ತಾಯಿ ಮಗಳ ಹಾಗೆ ಆಡುತ್ತಾರಲ್ಲ ಎಂದು ಬೆರಗಾಗುತ್ತಿದ್ದರು.

ಇನ್ನು ನನ್ನ ಸಿಂಬೆ. ಮೂಟೆ ಹೊರುವಾಗ ತಲೆ ಒತ್ತದಿರಲೆಂದು ಇಟ್ಟುಕೊಳ್ಳುವ ಬಟ್ಟೆಯ ಸುರುಳಿ ಅದು. ನಮ್ಮವ್ವನ ಹಳೆಯ ಸೀರೆ ಸುತ್ತಿ ಮಾಡಿದ್ದು, ಹತ್ತು ವರ್ಷದಲ್ಲಿ ನನ್ನ ತಲೆಯ ಅಳತೆಗೆ ಕೂತಿತ್ತು. ಒಂದು ದಿನ ಊಟ ಮಾಡಿ ನೋಡಿದರೆ ಇಲ್ಲ. ನನಗೆ ಕೆಂಡದಂಥ ಸಿಟ್ಟು ಬಂತು, ನಟನೆಯಲ್ಲ. ಭಟ್ಟಿಗೆ ಹೋಗಿ, ‘ಕೊಡ್ತೀಯೋ ಇಲ್ವೋ’ ಎಂದು ಗದರಿದೆ. ಅವಳು ಕೋಟಿನ ಗುಂಡಿ ಹಾಕಿಕೊಂಡು ನಕ್ಕಳು. ಬೆಲ್ಲದ ದಿನದ ನಂತರ ಅವಳು ನಕ್ಕದ್ದು ಅದೇ ಮೊದಲು. ‘ಹಿಂಗೇ ಬಯ್ತಾ ಇರು ಚೌಡಣ್ಣ’ ಎಂದಳು.

ಯುದ್ಧ ಮುಗಿಯಿತು ಎಂದು ಪೇಪರಿನಲ್ಲಿ ಬಂತು. ನಮಗೆ ಸೀಮೆಎಣ್ಣೆ ಸಿಕ್ಕಾಗ ಗೊತ್ತಾಯಿತು. ಕಮಿಟಿಯಿಂದ ಸತ್ತವರ ಹೆಸರಿನ ಒಂದು ಪಟ್ಟಿ ಬಂತು. ಅವಳ ಅಮ್ಮನ ಹೆಸರಿತ್ತು, ಅದರ ಮುಂದೆ ತಾರೀಖಿನ ಜಾಗ ಖಾಲಿಯಿತ್ತು. ಸಾವಿರಾರು ಜನರದ್ದು ಹಾಗೇ ಖಾಲಿ. ಇರ್ಮಾ ಮೇಷ್ಟ್ರ ಹತ್ತಿರ ಮಸಿ ಕೇಳಿ ಇಸಿದುಕೊಂಡು ಆ ಜಾಗದಲ್ಲಿ ತಾನು ಭಾರ ತೂಗಿದ ಕೊನೆಯ ಭಾನುವಾರ, ಅದರ ಮುಂದಿನ ಭಾನುವಾರ, ಎರಡನ್ನೂ ಬರೆದು ನಡುವೆ ಗೆರೆ ಎಳೆದಳು. ಸಾಗರದಾಚೆಯ ಯಾವುದೋ ದೇಶದಲ್ಲಿ ಸೋದರಮಾವ ಒಬ್ಬ ಉಳಿದಿದ್ದನಂತೆ, ಅವನು ಕರೆಸಿಕೊಂಡ. ಅವಳಿಗೆ ಹದಿಮೂರು. ಹೋಗುವ ಹಿಂದಿನ ದಿನ ಹಮಾಲಿಗಳಾದ ನಮ್ಮ ಕೈಲಿ ಹೊರಿಸಿಕೊಂಡು ಮನೆಮನೆಗೆ ಹೋಗಿ ಎಲ್ಲರ ಸಾಮಾನು ಹಿಂದಿರುಗಿಸಿದಳು. ಪುಟ್ಟಸ್ವಾಮಯ್ಯನವರು ಕೋಲನ್ನು ಬೆಳಕಿಗೆ ಹಿಡಿದು ನೋಡಿ, ಬೆಳ್ಳಿಗೆ ಗೀರು ಬಿದ್ದಿದೆ ಎಂದರು.

ಅವಳು ಎರಡನ್ನು ಕೊಡಲಿಲ್ಲ. ಸ್ಟೇಷನ್ನಿನಲ್ಲಿ ಅವಳ ಟ್ರಂಕನ್ನೆತ್ತಲು ಬಗ್ಗಿದೆ. ಅದೇ ಹಳೆಯ ಸಣ್ಣ ಟ್ರಂಕು. ನನ್ನ ಜೊತೆ ಇನ್ನೂ ಮೂವರು ಕೈ ಕೊಡಬೇಕಾಯಿತು. ನಾಲ್ವರೂ ತಿಣುಕುತ್ತಿದ್ದಾಗ ಸಣ್ಣತಾಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ‘ನನ್ನ ಸಟ್ಟುಗ ಅದ್ರಲ್ಲೇ ಐತೆ, ಕಳ್ಳಿ’ ಎಂದಳು. ಕಿಟಕಿಯಿಂದ ಇರ್ಮಾ, ‘ಐತೆ. ಏನೀಗ?’ ಎಂದಳು. ಗಾಡಿ ಹೊರಟಿತು. ಆ ಬೋಗಿಯೊಂದೇ ಸ್ವಲ್ಪ ಕುಸಿದುಕೊಂಡು ಹೋಯಿತು.

ಈಗ ಎರಡು ವರ್ಷವಾಯಿತು. ನಮ್ಮ ಊರಿನ ಎಲ್ಲೆ ದಾಟಿದರೆ ಈ ಭಾರದ ನಿಯಮ ನಡೆಯುವುದಿಲ್ಲ ಎಂದು ಓದಿದವರು ಹೇಳುತ್ತಾರೆ. ಇರಬಹುದು, ಓದಿದವರು ಏನೇನೋ ಹೇಳುತ್ತಾರೆ. ಕಳೆದ ತಿಂಗಳು ಪುಟ್ಟಸ್ವಾಮಯ್ಯನವರು ನನ್ನ ತಲೆಯ ಗಾಯ ನೋಡಿ, ತಮ್ಮ ಕೈಯಾರೆ ಒಂದು ಹೊಸ ಸಿಂಬೆ ತಂದು ಕೊಟ್ಟರು. ‘ಆ ಹಳೇದನ್ನ ಮರೆತುಬಿಡಯ್ಯ, ಎಷ್ಟು ದಿನ ಅಂತ ಹೀಗೆ ಬರಿತಲೆಯಲ್ಲಿ ಹೊರುತ್ತೀಯ?’ ಎಂದರು. ಒಳ್ಳೆಯ ಮಾತೇ. ಆದರೆ ನಾನು ಮರೆತ ಗಳಿಗೆಯಲ್ಲಿ ಅಲ್ಲೆಲ್ಲೋ ಅವಳು ಟ್ರಂಕು ತೆಗೆದು ಆ ಸಿಂಬೆಯನ್ನು ಎತ್ತಿ ನೋಡಿದರೆ? ಅದು ಬರೀ ಬಟ್ಟೆಯಷ್ಟೇ ತೂಗಿದರೆ? ಎರಡರಲ್ಲಿ ಯಾವುದು ಎಂದು ಅವಳು ಮತ್ತೆ ಯಾರನ್ನು ಕೇಳಬೇಕು? ಹೊಸ ಸಿಂಬೆಯನ್ನು ಅವರ ಕಾಲ ಬಳಿ ಎಸೆದೆ. ಕುಡಿದಿದ್ದಾನೆ ಎಂದು ಈ ಸಲವೂ ಅಂದರು.

ನಿಮ್ಮಲ್ಲಿ ಯಾರಾದರೂ ಆ ಕಡೆ ಹೋಗುವವರಿದ್ದರೆ ಒಂದು ಮಾತು ತಲುಪಿಸಿ. ಪುರಿ ಭಟ್ಟಿಯಲ್ಲಿ ಇವತ್ತು ಬೆಳಗ್ಗೆಯೂ ಅಂಗೈ ಸುಟ್ಟಿದೆ, ಬೈಗುಳ ಮೂರು ಬೀದಿಗೆ ಕೇಳಿಸಿದೆ. ಮತ್ತೆ ನನ್ನ ಸಿಂಬೆ ನನಗೆ ಬೇಕು. ಕಳಿಸಬೇಡ ಅನ್ನಿ.